ವಫ್ರಾ ದಾರಿಯ ಉಷ್ಟ್ರಪಕ್ಷಿ

ಉಷ್ಟ್ರಪಕ್ಷಿ ಕಣ್ಣಿಗೆ ಬೀಳಲಿ ಎಂದು ದೇವಿಗೆ ಹೂವಿನ ಪೂಜೆಯ ಹರಕೆ ಹೇಳಿಕೊಂಡವಳು ಇಡೀ ತುಳುನಾಡಿನಲ್ಲಿ ನಾನೊಬ್ಬಳೇ ಇರಬೇಕು. ಮಗಳ ಮದುವೆಯಾಗಲಿ, ಗಲ್ಫಿನ ವಾಸದ ಪರ್ಮಿಟ್ಟು ಇಕಾಮಾ ತೊಂದರೆಯಿಲ್ಲದೆ ರಿನ್ಯೂ ಆಗಲಿ ಎಂದು ಹೇಳಿಕೊಳ್ಳುವವರಿದ್ದಾರೆ. ನಾಳೆ ಊರಿಗೆ ಹೋಗಿ ಪೂಜೆ ಮಾಡಿಸುವಾಗ ಭಟ್ರು ಎಂತ ವಿಷಯ ಎಂದು ಕೇಳಿದರೆ ನಾನು ಏನು ಹೇಳುವುದು? ಅವರು ಆರತಿ ತಟ್ಟೆ ಕೆಳಗಿಟ್ಟು ನನ್ನ ಮುಖವನ್ನೇ ನೋಡಿಯಾರು.

ಶುಕ್ರವಾರ ಬಂತೆಂದರೆ ಕುವೈತಿನ ಅಬು ಹಲೀಫಾದ ನಮ್ಮ ಫ್ಲ್ಯಾಟಿನಿಂದ ವಫ್ರಾದ ತೋಟಗಳಿಗೆ ಹೋಗುವುದು ನಮ್ಮಲ್ಲಿ ಹಳೆಯ ಕ್ರಮ. ಅಲ್ಲಿ ಬಂಗಾಳಿ ಭಾಯಿಗಳು ಬಸಳೆ ಬೆಳೆಸುತ್ತಾರೆ. ಒಂದು ಕಟ್ಟು ಬಸಳೆಗಾಗಿ ಮರಳುಗಾಡಿನಲ್ಲಿ ಅಷ್ಟು ದೂರ ಹೋಗುವವರಿಗೆ ಬುದ್ಧಿ ಇದೆಯೇ ಎಂದು ನೀವು ಕೇಳಬಹುದು. ಸಿಗಡಿ ಹಾಕಿದ ಬಸಳೆ ಪದಾರ್ಥ ಉಂಡವರು ಕೇಳುವುದಿಲ್ಲ. ಗಾಡಿ ಓಡಿಸುತ್ತಿದ್ದದ್ದು ಇವರು, ಎಂದರೆ ನನ್ನ ಗಂಡ. ಕಳೆದ ಚಳಿಗಾಲದಲ್ಲಿ ಸಲ್ವಾದ ನೆಂಟರ ಮನೆಗೆಂದು ಒಬ್ಬರೇ ಹೊರಟವರು ಎಲ್ಲೋ ದೂರದ ಜಹ್ರಾ ತಲುಪಿ, ಅಲ್ಲಿಂದ ಫೋನ್ ಮಾಡಿ, "ನಾನು ಎಲ್ಲಿಗೆ ಹೊರಟದ್ದು ಮಾರಾಯ್ತಿ?" ಎಂದು ಕೇಳಿದರು. ಆಮೇಲೆ ಗಾಡಿಯ ಚಾವಿ ನನ್ನ ಕೈಗೆ ಬಂತು.

ಇವರನ್ನು ತೋರಿಸಲು ಹೋದಾಗ ಡಾಕ್ಟರು ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು. ಇಲ್ಲದ್ದನ್ನು ಕಂಡೆ ಎನ್ನುತ್ತಾರೆಯೇ? ಇಲ್ಲ, ಮರೆವು ಮಾತ್ರ ಎಂದಿದ್ದೆ. ಆ ಒಂದು ಮಾತು ಹಿಡಿದುಕೊಂಡು ನಾನು ಧೈರ್ಯದಲ್ಲಿದ್ದೆ.

ಡಾಕ್ಟರನ್ನು ಕಂಡ ಅದೇ ವಾರ ವಫ್ರಾ ದಾರಿಯಲ್ಲಿ, ಪಕ್ಕದ ಸೀಟಿನಲ್ಲಿ ಕೂತಿದ್ದ ಇವರು, "ಅಲ್ಲಿ ನೋಡು, ಉಷ್ಟ್ರಪಕ್ಷಿ" ಎಂದರು. ನಾನು ತಿರುಗುವಷ್ಟರಲ್ಲಿ ತೋಟದ ಹಸಿರು ಟರ್ಪಾಲಿನ ಬೇಲಿ, ಒಂದು ನೀರಿನ ಟ್ಯಾಂಕರ್, ಮತ್ತೆ ಮರಳು. ಡಾಕ್ಟರ ಪ್ರಶ್ನೆ ನೆನಪಾಯಿತು.

"ಉಷ್ಟ್ರಪಕ್ಷಿಯೂ ಇಲ್ಲ, ಎಂತದೂ ಇಲ್ಲ. ಸುಮ್ಮನೆ ಕೂತ್ಕೊಳ್ಳಿ" ಎಂದೆ.

ಹಿಂದೆ ಕೂತ ಮಗಳು ಫೋನಿನಿಂದ ತಲೆಯೆತ್ತದೆ, "ಪಪ್ಪಾ, ದಿಸ್ ಈಸ್ ಕುವೈತ್, ನಾಟ್ ಆಫ್ರಿಕಾ" ಎಂದಳು. ಇವರು "ಕಂಡೆ" ಎಂದು ಮೆಲ್ಲಗೆ ಹೇಳಿದರು.

ಉಷ್ಟ್ರ ಎಂದರೆ ಸಂಸ್ಕೃತದಲ್ಲಿ ಒಂಟೆ. ಒಂಟೆಯಂಥ ಹಕ್ಕಿ ಎಂದು ನಮ್ಮ ಪಂಡಿತರು ಹೆಸರಿಟ್ಟರು. ಎರಡನ್ನೂ ಅವರು ಊರಿನಲ್ಲಿ ಕಂಡಿರಲಾರರು. ಕನ್ನಡ ಶಾಲೆಯಲ್ಲಿ ಕಲಿತ ಆ ಹೆಸರು ಇವರಿಗೆ ನೆನಪಿತ್ತು, ನಮ್ಮ ಫ್ಲ್ಯಾಟ್ ಯಾವ ಮಹಡಿಯಲ್ಲಿ ಎಂಬುದು ಮರೆತುಹೋಗಿತ್ತು. ಫೋನಿನಲ್ಲಿ ಓದಿ ನೋಡಿದೆ. ಅರಬರ ಮರಳಿನಲ್ಲಿ ಒಂದು ಕಾಲಕ್ಕೆ ಈ ಹಕ್ಕಿಗಳು ಓಡಾಡಿಕೊಂಡಿದ್ದವಂತೆ, ಬೇಟೆಯಾಡಿ ಒಂದನ್ನೂ ಉಳಿಸಲಿಲ್ಲವಂತೆ. ಹಾಗಾದರೆ ಇವರು ಕಂಡದ್ದು ಮುಗಿದುಹೋದ ಹಕ್ಕಿಯನ್ನೇ? ಅಳು ಬಂತು. ಆದರೆ ಇಲ್ಲಿ ದುಡ್ಡಿದ್ದವರು ಮನೆಯಲ್ಲಿ ಸಿಂಹ ಸಾಕಿದ ಕತೆಯನ್ನೂ ಕೇಳಿದ್ದೇನೆ. ಯಾರದೋ ತೋಟದಲ್ಲಿ ಒಂದು ಹಕ್ಕಿ ಇರಬಾರದೇ? ಅದು ಇದ್ದರೆ ಇವರ ತಲೆ ಸರಿ ಇದೆ. ನನ್ನ ತರ್ಕ ಇಷ್ಟೇ. ಹರಕೆ ಹೇಳಿಕೊಂಡದ್ದು ಆಗ.

ಮುಂದಿನ ಶುಕ್ರವಾರ ನಾವಿಬ್ಬರೇ ಹೊರಟೆವು. ಅದೇ ದಾರಿಯಲ್ಲಿ ಎತ್ತಿನ ಗಾಡಿಯ ಹಾಗೆ ನಿಧಾನ ಹೋದೆ. ಹಿಂದಿನವರೆಲ್ಲ ಹಾರ್ನ್ ಹೊಡೆದು, ಬೈದು ಮುಂದೆ ಹೋದರು. ಅರಬಿ ಬೈಗುಳ ಪೂರ್ತಿ ಅರ್ಥವಾಗದ್ದು ಒಳ್ಳೆಯದೇ. ಒಂದು ಕಡೆ ಟರ್ಪಾಲು ಜೋತುಬಿದ್ದಿತ್ತು. ಅದರ ಮೇಲಿಂದ ಉದ್ದದ ಬೋಳು ಕುತ್ತಿಗೆಯೊಂದು ಎದ್ದು, ಚಪ್ಪಟೆ ಕೊಕ್ಕು ತಿರುಗಿಸಿ ನಮ್ಮನ್ನೇ ನೋಡಿತು.

ಗಾಡಿ ಬದಿಗೆ ನಿಲ್ಲಿಸಿದೆ. ಇಳಿದು ಓಡಿ, ಇವರ ಬಾಗಿಲು ತೆಗೆದು, ಕೈ ಹಿಡಿದು ಇಳಿಸಿದೆ. ನಗುವೂ ಅಳುವೂ ಒಟ್ಟಿಗೇ ಬಂತು.

"ನೋಡಿ ಮಾರಾಯ್ರೆ, ಉಂಟು. ನೀವು ಹೇಳಿದ್ದೇ ಸರಿ" ಎಂದೆ.

ಇವರೂ ನಕ್ಕರು. ಎಷ್ಟೋ ಸಮಯದ ಮೇಲೆ ಅದೇ ಹಳೆಯ ನಗು. ತುಂಬಾ ಹೊತ್ತು ಹಕ್ಕಿಯನ್ನು ನೋಡಿ, ಆಮೇಲೆ ನನ್ನ ಕಡೆ ತಿರುಗಿದರು.

"ನಮ್ಮ ಮನೆಯವಳಿಗೆ ಇದನ್ನೊಮ್ಮೆ ತೋರಿಸಬೇಕಿತ್ತು. ನಾನು ಹೇಳಿದರೆ ಅವಳು ನಂಬುವುದಿಲ್ಲ."

ದೇವಿಯನ್ನು ದೂರುವ ಹಾಗಿಲ್ಲ, ನಾನು ಕೇಳಿಕೊಂಡದ್ದು ಹಕ್ಕಿಯನ್ನು ಮಾತ್ರ. ಹಿಡಿದ ಕೈಯನ್ನು ಬಿಡಲಿಲ್ಲ.

"ಈಗ ನಂಬುತ್ತಾಳೆ" ಎಂದೆ. "ಬನ್ನಿ ಹೋಗುವ. ಮನೆಯಲ್ಲಿ ಅವಳು ನಿಮಗಾಗಿ ಕಾಯುತ್ತಿರಬಹುದು."