ಮಳೆಗಾಲದ ಅದಿರು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳಲಿರುವುದರಲ್ಲಿ ಅರ್ಧ ತಪ್ಪು ನನ್ನ ಓದಿನದು, ಇನ್ನರ್ಧ ನನ್ನ ನಾಲಿಗೆಯದು.

ನಲವತ್ತರ ಹೊಸ್ತಿಲಲ್ಲಿ ಪಿಎಚ್‌ಡಿಗೆ ಸೇರಿಕೊಂಡವಳು ನಾನು. ಶಿವಮೊಗ್ಗದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಮನೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ದಾರಿಯ ಮಲವಗೊಪ್ಪ ಬರುವಷ್ಟರಲ್ಲಿ ಸೀಟು ಸಿಕ್ಕರೆ ಏನಾದರೂ ಓದುತ್ತಿದ್ದೆ, ಸಿಗದಿದ್ದರೆ ಕಂಬಿ ಹಿಡಿದು ನಿಂತೇ ಥೀಸಿಸ್ಸಿನ ಸಾಲುಗಳನ್ನು ಮನಸ್ಸಿನಲ್ಲಿ ತಿದ್ದುತ್ತಿದ್ದೆ. ನನ್ನ ವಿಷಯ ಖನಿಜ ನೀತಿ ಮತ್ತು ರಾಜಧನ. ನೆಲದಡಿಯ ಅದಿರು ಎಲ್ಲರದ್ದು. ಅದನ್ನು ಅಗೆದು ತೆಗೆದವರು ಸರ್ಕಾರಕ್ಕೆ ಕೊಡಬೇಕಾದ ಪಾಲಿಗೆ ರಾಜಧನ ಎಂದು ಹೆಸರು. ರಾಜರು ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಹೋಗಲಿಲ್ಲ. ಹಳೆಯ ವರ್ಷಗಳಲ್ಲಿ ಆ ಪಾಲು ಸರಿಯಾಗಿ ಬಂದಿತ್ತೇ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಇಂಥ ವಿಷಯವನ್ನು ಮನೆಯಲ್ಲಿ ಆಸೆಯಿಂದ ಕೇಳುತ್ತಿದ್ದವರು ಒಬ್ಬರೇ, ನನ್ನ ಮಾವ. ಅದಿರು ಕರಗಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. "ಈ ವಯಸ್ಸಲ್ಲಿ ಇದೆಲ್ಲ ಯಾಕೆ?" ಎಂದು ನನ್ನ ಗಂಡ ರಾಗ ಎಳೆದಾಗ, "ಓದೋಳು ಅವಳು, ನಿಂಗೇನು ಕಷ್ಟ ಮಾರಾಯ?" ಎಂದು ಮಗನ ಬಾಯಿ ಮುಚ್ಚಿಸಿದ್ದೂ ಅವರೇ. ನಾನು ಅಧ್ಯಾಯ ಬರೆಯಲು ಕೂತ ಭಾನುವಾರಗಳಲ್ಲಿ ಕಾಫಿ ಮಾಡಿ ತಂದು ಮೇಜಿನ ಮೂಲೆಯಲ್ಲಿಟ್ಟು, ಸದ್ದಿಲ್ಲದೆ ಹೋಗುತ್ತಿದ್ದರು. ಅವರು ಕಾರ್ಖಾನೆಯ ಲ್ಯಾಬಿನಲ್ಲಿದ್ದರು ಎಂದಷ್ಟೇ ನನಗೆ ಗೊತ್ತಿತ್ತು. ಲ್ಯಾಬೆಂದರೆ ಬಾಟಲಿ, ಆಸಿಡ್ಡು, ಬಿಳಿ ಕೋಟು ಎಂದು ನನ್ನ ಲೆಕ್ಕ. ಮದುವೆಯಾಗಿ ಹದಿನೈದು ವರ್ಷವಾದರೂ ಅಲ್ಲಿ ಏನು ಮಾಡುತ್ತಿದ್ದಿರಿ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಹತ್ತು ಕಡೆ ಅರ್ಜಿ ಹಾಕಿ, ಹನ್ನೊಂದನೆಯ ಕಡೆ ಕೈಮುಗಿದು, ಕೊನೆಗೂ ಹಳೆಯ ರಿಜಿಸ್ಟರುಗಳನ್ನು ನೋಡಲು ಅನುಮತಿ ಸಿಕ್ಕಿತು. ಅದೂ ಅರ್ಧ ದಿನ ಮಾತ್ರ. ಗಣಿಯಿಂದ ಎಷ್ಟು ಅದಿರು ಹೊರಟಿತು ಎಂದು ಹೇಳುವ ಪುಸ್ತಕಗಳು ಒಂದು ಕಟ್ಟು, ಕಾರ್ಖಾನೆಗೆ ಎಷ್ಟು ಬಂತು ಎಂದು ಹೇಳುವವು ಇನ್ನೊಂದು ಕಟ್ಟು. ಧೂಳಿಗೆ ಸೀನುತ್ತ ಮೊಬೈಲಿನಲ್ಲಿ ಫೋಟೊ ತೆಗೆದೆ. ಕಾರ್ಖಾನೆಯ ಪುಸ್ತಕದಲ್ಲಿ ಎಡಗಡೆಯ ಪುಟದಲ್ಲಿ ತಾರೀಕು, ವ್ಯಾಗನ್ನು, ತೂಕ. ಬಲಗಡೆಯ ಪುಟದ ತುಂಬ ಸಣ್ಣ ಅಕ್ಷರದಲ್ಲಿ ಕಬ್ಬಿಣದ ಅಂಶ ಎಷ್ಟು, ಮರಳಿನ ಅಂಶ ಎಷ್ಟು ಎಂಬ ಪರೀಕ್ಷೆಯ ವಿವರಗಳು. ನನಗೇಕೆ ಬೇಕು ರಸಾಯನಶಾಸ್ತ್ರ ಎಂದುಕೊಂಡು ಎಡಗಡೆಯ ಪುಟಗಳನ್ನು ಮಾತ್ರ ತೆಗೆದೆ. ಅರ್ಧ ಸಮಯ ಉಳಿಯಿತೆಂದು ಖುಷಿಯಾಗಿ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಮನೆಗೆ ಬಂದೆ.

ಎರಡೂ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಪಕ್ಕಪಕ್ಕ ಇಟ್ಟು, ನಂಬದೆ ಇನ್ನೊಮ್ಮೆ ಕೂಡಿ ನೋಡಿದೆ. ಗಣಿ ಬಿಟ್ಟ ಅದಿರಿನಷ್ಟು ಕಾರ್ಖಾನೆಗೆ ಬಂದೇ ಇರಲಿಲ್ಲ. ಬೇಸಿಗೆಯಲ್ಲಿ ವ್ಯತ್ಯಾಸ ಅಷ್ಟಕ್ಕಷ್ಟೆ. ಮಳೆ ಹಿಡಿದ ತಿಂಗಳುಗಳಲ್ಲಿ ಕಂದಕದಷ್ಟು ಅಗಲ. ರಾಜಧನ ಕಟ್ಟಿದ್ದೋ ಕಾರ್ಖಾನೆಯ ಅಂಕಿಯ ಮೇಲೆ. ಹಾಗಿದ್ದರೆ ನಡುವೆ ಮಾಯವಾದ ಅದಿರು ಯಾರ ಪಾಲಾಯಿತು? ನನ್ನ ಗೈಡಿಗೆ ತೋರಿಸಿದಾಗ ಅವರು ಕುರ್ಚಿಯಿಂದ ಎದ್ದೇ ನಿಂತರು. "ಇದು ಸೋರಿಕೆ ಅಮ್ಮಾ, ಇದೇ ನಿಮ್ಮ ಥೀಸಿಸ್!" ಎಂದರು. ಪಾಪ, ಅವರೂ ನನ್ನಂತೆಯೇ ಅದಿರನ್ನು ಕೋಷ್ಟಕ ಬಿಟ್ಟು ಬೇರೆಲ್ಲೂ ಕಂಡವರಲ್ಲ.

ಸೆಮಿನಾರಿನ ಹಿಂದಿನ ಸಂಜೆ ಮಾವನನ್ನು ಸೋಫಾದ ಮೇಲೆ ಕೂರಿಸಿ, ಅವರೇ ಸಭೆ ಎಂಬಂತೆ ಭಾಷಣದ ಅಭ್ಯಾಸ ಮಾಡಿದೆ. "ಅದಿರು ಗಣಿ ಬಿಟ್ಟ ಮೇಲೆ, ತೂಕ ಬರೆಯುವವರ ಕಣ್ಣೆದುರೇ ಕಾಣೆಯಾಗಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು, ಇಲ್ಲವೇ ಕೈ ಚಾಚಿದ್ದರು." ಈ ವಾಕ್ಯ ಬರೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಮಾವ, "ಕಳೀಬೇಕಾದ್ದೆಲ್ಲ ಕಳೆದ ಮೇಲೂ ಇಷ್ಟು ವ್ಯತ್ಯಾಸ ಇದೆಯಾಮ್ಮ?" ಎಂದು ಕೇಳಿದರು.

ಏನು ಕಳೆಯಬೇಕಿತ್ತು ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ನಡುವೆ ಬಾಯಿ ಹಾಕಿದರಲ್ಲ ಎಂದು ಸಿಡುಕಿ, "ಹೌದು ಮಾವ, ಎಲ್ಲ ಕಳೆದ ಮೇಲೇನೇ. ಕೂಡೋದು ಕಳೆಯೋದು ನಂಗೆ ಬರಲ್ವಾ?" ಎಂದೆ. ಅವರು ತಲೆಯಾಡಿಸಿ ಎದ್ದು ಹೋದರು.

ಸೆಮಿನಾರು ಚೆನ್ನಾಗಿ ನಡೆಯಿತು. ಚಪ್ಪಾಳೆ ಬಿತ್ತು. ಹೊರಗಿನಿಂದ ಬಂದಿದ್ದ ಪ್ರಾಧ್ಯಾಪಕರೊಬ್ಬರು ಧೈರ್ಯದ ಸಂಶೋಧನೆ ಎಂದರು. ವಾರಗಟ್ಟಲೆ ಆ ಒಂದು ಮಾತನ್ನು ಚಪ್ಪರಿಸಿಕೊಂಡು ಓಡಾಡಿದೆ. ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನೋಡುವ ಪುರಸೊತ್ತು ನನಗಿರಲಿಲ್ಲ.

ಮಾವನಿಗೆ ಒಬ್ಬ ಗೆಳೆಯರಿದ್ದರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಒಂದೇ ಮೇಜಿನಲ್ಲಿ ಕೂತವರು, ಮನೆಮಾತು ತಮಿಳು, ಈಗ ನಮ್ಮೂರಲ್ಲೇ ಕಾಗದನಗರದ ಹತ್ತಿರ ಮಗಳ ಮನೆಯಲ್ಲಿರುವವರು. ಇಬ್ಬರೂ ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ, ಒಂದು ಟೀಯನ್ನು ಎರಡು ಲೋಟಕ್ಕೆ ಹಾಕಿಸಿಕೊಂಡು ಕುಡಿದೇ ಮನೆಗೆ ಬರುತ್ತಿದ್ದುದು. ಆ ವಾಕಿಂಗ್ ನಿಂತುಹೋಗಿ ಮೂರು ವಾರವಾದ ಮೇಲೆ ನನಗೆ ಹೊಳೆಯಿತು. ಮಾವ ಜಗಲಿಯಲ್ಲಿ ಚಪ್ಪಲಿ ಹಾಕಿಕೊಂಡು ಕೂತಿರುತ್ತಿದ್ದರು, ಎದ್ದು ಹೋಗುತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಗದರಿಸುವ ದನಿಯಲ್ಲೇ ಕೇಳಿದೆ: "ಮಂಡಿನೋವಾ? ನಡೀರಿ, ಡಾಕ್ಟರ ಹತ್ರ ಹೋಗೋಣ."

"ಮಂಡಿ ಸರಿಯಾಗೇ ಇದೆಯಮ್ಮ," ಎಂದರು. "ಅವನ ಮನೆಗೆ ಹೋಗಿ ಕೇಳ್ಬಿಟ್ಟೆ."

"ಏನು ಕೇಳಿದ್ರಿ?"

"ನೀನೇನಾದ್ರೂ ಅದಿರಿನ ವಿಷ್ಯದಲ್ಲಿ ದುಡ್ಡು ತಗೊಂಡಿದ್ಯಾ ಅಂತ."

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. "ನೀನು ಹೇಳಿದ ಆ ಪುಸ್ತಕ ಬರೀತಿದ್ದೋರು ನಾವಿಬ್ರೇ. ನಾನಂತೂ ತಗೊಂಡಿಲ್ಲ. ಉಳಿದೋನು ಅವನೊಬ್ಬನೇ ಅಲ್ವಾ? ಅವನು ಎದ್ದು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ."

ಅಭ್ಯಾಸದಂತೆ ನನಗೆ ಮೊದಲು ಬಂದದ್ದು ಕೋಪವೇ. "ನಾವೇ ಬರೀತಿದ್ವಿ ಅಂತ ಒಂದು ಮಾತು ಹೇಳ್ಬಾರ್ದಿತ್ತಾ ಮಾವ?" "ನೀನು ಕೇಳ್ಲಿಲ್ಲ," ಎಂದರು, ದೂರುವ ದನಿಯಲ್ಲಲ್ಲ. ಕೊನೆಗೆ, ಹದಿನೈದು ವರ್ಷದ ಮೇಲೆ, ಅವರ ಕೆಲಸ ಏನೆಂದು ಕೇಳಿದೆ.

"ವ್ಯಾಗನ್ ಬಂದ್ರೆ ತೂಕ ಹಾಕೋದು. ಆಮೇಲೆ ನಾಲ್ಕೈದು ಕಡೆ ಕೈ ಹಾಕಿ ಒಳಗಿಂದ ಅದಿರು ತೆಗೀತಿದ್ವಿ. ಮೇಲಿಂದು ಗಾಳಿಗೆ ಆರಿರುತ್ತಲ್ಲ, ಅದಕ್ಕೆ. ಕುಟ್ಟಿ ತಟ್ಟೇಲಿ ಹರಡಿ, ತೂಕ ಮಾಡಿ ಓವನ್ನಿಗೆ ಇಡೋದು. ಪೂರ್ತಿ ಒಣಗಿದ ಮೇಲೆ ಮತ್ತೆ ತೂಕ. ಎಷ್ಟು ಕಮ್ಮಿ ಆಯ್ತೋ ಅಷ್ಟು ನೀರು. ಆ ಲೆಕ್ಕದಲ್ಲಿ ವ್ಯಾಗನ್ನಿನ ತೂಕದಿಂದ ನೀರು ಕಳೆದು ಪುಸ್ತಕಕ್ಕೆ ಬರೀತಿದ್ವಿ. ಮಳೆಗಾಲದಲ್ಲಿ ಅದಿರು ಸ್ಪಂಜಿನ ಹಾಗೆ ನೀರು ಕುಡ್ದಿರ್ತಿತ್ತು."

"ಗಣೀಲೂ ಹೀಗೇ ಮಾಡ್ತಿದ್ರಾ?"

"ಅಲ್ಲೆಲ್ಲಿ ಓವನ್ನು? ಒದ್ದೆಯಾಗಿದ್ರೆ ಒದ್ದೇನೇ ತೂಗಿ ಕಳಿಸ್ತಿದ್ರು."

"ನೀರೆಷ್ಟು ಅಂತ ಎಲ್ಲಿ ಬರೀತಿದ್ರಿ ಮಾವ?"

"ಬಲಗಡೆ ಪುಟದಲ್ಲಿ."

ಮಾಯವಾದದ್ದು ಅದಿರಲ್ಲ, ಮಳೆನೀರು. ಕಳ್ಳರೆಂದು ನಾನು ಸಭೆಯಲ್ಲಿ ಕರೆದದ್ದು, ತಟ್ಟೆಯ ಬಿಸಿಗೆ ಬೆರಳು ಸುಟ್ಟುಕೊಂಡು ಆ ನೀರನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿದ ಇಬ್ಬರನ್ನು. "ಇಷ್ಟೆಲ್ಲ ಗೊತ್ತಿದ್ದೂ ನೀವು ಅವರನ್ನ ಹೇಗೆ ಅನುಮಾನಿಸಿದ್ರಿ?" ಎಂದೆ.

ಮಾವ ನನ್ನನ್ನೇ ನೋಡಿದರು. "ನಾನು ಕೇಳ್ದೆನಲ್ಲಮ್ಮ, ಕಳೀಬೇಕಾದ್ದೆಲ್ಲ ಕಳೆದ ಮೇಲಾ ಅಂತ. ನೀನು ಹೌದು ಅಂದೆ. ಅಷ್ಟು ಓದಿದೋಳು ನೀರು ಕಳೀದೇ ಬಿಟ್ಟಿರ್ತಾಳಾ ಅಂದ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ಅತ್ತುಬಿಟ್ಟೆ. ಅವರು ತಮ್ಮ ಕೈ ಮಾಡಿದ ಕೆಲಸಕ್ಕಿಂತ, ತಮ್ಮ ಗೆಳೆಯನಿಗಿಂತ ಹೆಚ್ಚಾಗಿ ನನ್ನ ಓದನ್ನು ನಂಬಿದ್ದರು. ಆ ನಂಬಿಕೆಗೆ ನಾನು ಕೊಟ್ಟದ್ದು ಒಂದು ಸಿಡುಕು.

ಮತ್ತೆ ಕೈಕಾಲು ಹಿಡಿದು ಬಲಗಡೆಯ ಪುಟಗಳನ್ನು ನೋಡಿ ಬಂದೆ. ಗಣಿಯ ಅಂಕಿಯಿಂದ ನೀರು ಕಳೆದಾಗ ವ್ಯತ್ಯಾಸ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಎಂಬತ್ತು ಪುಟದ ಅಧ್ಯಾಯದಲ್ಲಿ ಉಳಿದದ್ದು ನಾಲ್ಕು ಪುಟ. ಗೈಡು ತಲೆಯ ಮೇಲೆ ಕೈಹೊತ್ತು, "ಒಂದು ಅಡಿಟಿಪ್ಪಣಿ ಹಾಕಿ ಬಿಟ್ಟುಬಿಡೋಣ, ಬಲಗಡೆ ಪುಟ ಯಾರು ತೆಗೆದು ನೋಡ್ತಾರೆ?" ಎಂದರು. ಆ ದಿನ ನನ್ನ ಕೋಪ ಮೊದಲ ಸಲ ಒಂದು ಒಳ್ಳೆಯ ಕೆಲಸಕ್ಕೆ ಬಂತು. ಮುಂದಿನ ಸೆಮಿನಾರಿನಲ್ಲಿ ಅದೇ ಸಭಾಂಗಣದಲ್ಲಿ ನಿಂತು, ನಾನು ಹೇಳಿದ್ದು ತಪ್ಪು, ಅಲ್ಲಿ ಯಾರೂ ಕದ್ದಿರಲಿಲ್ಲ ಎಂದೆ. ಈ ಸಲ ಚಪ್ಪಾಳೆ ಬೀಳಲಿಲ್ಲ. ಡಿಗ್ರಿ ಎರಡು ವರ್ಷ ಮುಂದಕ್ಕೆ ಹೋಯಿತು. ಹೋಗಲಿ ಎನಿಸಿತು. ಖನಿಜ ನೀತಿಯ ಬಗ್ಗೆ ನಾವೆಲ್ಲ ಬರೆಯುವ ಪ್ರತಿಯೊಂದು ಅಂಕಿಯನ್ನೂ ಯಾರೋ ಒಬ್ಬರು ನಿಂತು ತೂಗಿ ಬರೆದಿರುತ್ತಾರೆ ಎಂಬುದು ನನಗೆ ತಿಳಿದದ್ದು ಆಗ. ಅವರು ಬದುಕಿದ್ದಾರೆಯೇ, ಎಲ್ಲಿದ್ದಾರೆ ಎಂದು ಈಗ ಮೊದಲು ವಿಚಾರಿಸುತ್ತೇನೆ.

ಥೀಸಿಸ್ಸನ್ನೇನೋ ತಿದ್ದಿದೆ. ಇನ್ನೊಂದು ಉಳಿದಿತ್ತು. ಒಂದು ಬೆಳಿಗ್ಗೆ ಮಾವನನ್ನು ಕರೆದುಕೊಂಡು ಅವರ ಗೆಳೆಯರ ಮನೆಗೆ ಹೋದೆ. ಮಾವ ಗೇಟಿನ ಹೊರಗೇ ನಿಂತರು. "ನೀನು ಹೋಗಿ ಹೇಳು," ಎಂದರು.

ಗೆಳೆಯರು ನನ್ನನ್ನು ಒಳಗೆ ಕರೆದು ಕೂರಿಸಿದರು. ಮಗಳಿಗೆ ಹೇಳಿ ಕಾಫಿ ಕೊಡಿಸಿದರು. ನಾನು ಎಲ್ಲವನ್ನೂ ಹೇಳಿದೆ: ಎಡಗಡೆಯ ಪುಟ, ಬಲಗಡೆಯ ಪುಟ, ಮಾವ ಕೇಳಿದ ಪ್ರಶ್ನೆ, ನಾನು ಕೊಟ್ಟ ಉತ್ತರ. ತಪ್ಪೆಲ್ಲ ನನ್ನದು, ಮಾವನದಲ್ಲ, ದಯವಿಟ್ಟು ಕ್ಷಮಿಸಿ ಎಂದೆ. ಅವರು ಪೂರ್ತಿ ಕೇಳಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ನಿನ್ ಮೇಲೆ ನಂಗೇನೂ ಇಲ್ಲಮ್ಮ," ಎಂದರು. "ನಿಂಗೆ ನೀರಿನ ವಿಷ್ಯ ಗೊತ್ತಿರ್ಲಿಲ್ಲ. ಗೊತ್ತಾಯ್ತು, ತಿದ್ಕೊಂಡೆ. ಆದ್ರೆ ಅವನಿಗೆ ನಾನು ಗೊತ್ತಿದ್ದೆನಲ್ಲ."

ಕಾಫಿ ಲೋಟ ಕೆಳಗಿಟ್ಟು ಹೊರಗೆ ಬಂದೆ. ಮಾವ ಕಾಂಪೌಂಡಿನ ಗೋಡೆ ಹಿಡಿದು ನಿಂತಿದ್ದರು. "ಏನಂದ?" ಎಂದು ಕೇಳಿದರು. ಸಮಾಧಾನಕ್ಕೊಂದು ಸುಳ್ಳು ಬಾಯಿಯ ತನಕ ಬಂದಿತ್ತು. ನುಂಗಿಕೊಂಡು, ಅವರ ಗೆಳೆಯರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ.

ಮಾವ ಗೋಡೆಯಿಂದ ಕೈ ತೆಗೆದರು. "ಸರಿಯಾಗೇ ಹೇಳಿದಾನೆ," ಎಂದರು. "ನೀನು ಬಸ್ಸಿಗೆ ಹೋಗಮ್ಮ. ಕಾಲೇಜಿಗೆ ಹೊತ್ತಾಗುತ್ತೆ."

ಅವರೇ ಗೇಟು ತೆರೆದು ಒಳಗೆ ಹೋದರು. ರಸ್ತೆಯ ತಿರುವಿನ ಬಸ್ ಸ್ಟಾಪಿನಲ್ಲಿ ನಿಂತು ನೋಡಿದೆ. ಬಾಗಿಲು ತೆರೆದೇ ಇತ್ತು. ಮಾವ ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೆ ನಿಂತಿದ್ದರು. ಒಳಗಿನಿಂದ ಬಾ ಎಂಬ ಮಾತು ಬರಲಿಲ್ಲ, ಮಾವ ಹಿಂದಕ್ಕೂ ಬರಲಿಲ್ಲ. ನನ್ನ ಬಸ್ಸು ಬಂತು, ನಾನು ಹತ್ತಲಿಲ್ಲ.