ಭಾನುಪ್ರಿಯ ಆರಿಸಿದ ಮೀಟರುಗಳು

ಗಂಡ ಸತ್ತ ತಿಂಗಳಿಗೆ ಭಾನುಪ್ರಿಯ ಕೆಲಸಕ್ಕೆ ವಾಪಸು ಬಂದಳು. ತನ್ನೂರು ಕಲ್ಯದಿಂದ ಮಾಗಡಿ, ಅಲ್ಲಿಂದ ಫ್ಯಾಕ್ಟರಿಯಿದ್ದ ಬಿಡದಿಗೆ ಬಸ್ಸು. ದಾರಿಯಲ್ಲಿ ಏನು ಕಂಡಿತೆಂದು ಇಳಿಯುವಾಗ ನೆನಪಿರುತ್ತಿರಲಿಲ್ಲ. ಫ್ಯಾಕ್ಟರಿಗೆ ಬಂದ ಕೆಪಾಸಿಟರ್, ರೆಸಿಸ್ಟರಿನಂಥ ಬಿಡಿಭಾಗಗಳನ್ನು ಅಳೆದು ಒಳಗೆ ಬಿಡುವುದು ಅವಳ ಕೆಲಸ. ಡಿಪ್ಲೊಮಾ ಮುಗಿದಾಗಿನಿಂದ ಅದೇ ಮೇಜು. ಕೈ ತನ್ನಷ್ಟಕ್ಕೆ ಆಡುತ್ತಿತ್ತು.

ಗಂಡ ಅಶ್ವಥ್ ಹೋದದ್ದು ತೋಟದ ಪಂಪ್‌ಹೌಸಿನಲ್ಲಿ. ಸ್ಟಾರ್ಟರ್ ಕೆಟ್ಟಿತ್ತು. ಸಂತೆಯಲ್ಲಿ ಕೊಂಡ ಮೀಟರಿನ ಕಡ್ಡಿ ಇಟ್ಟು ನೋಡಿದ, ಸೊನ್ನೆ ತೋರಿಸಿತು. ಕರೆಂಟಿಲ್ಲವೆಂದು ಕೈ ಹಾಕಿದ. ಮೀಟರಿನ ವೈರು ಒಳಗೇ ತುಂಡಾಗಿತ್ತೆಂದು ಆಮೇಲೆ ಗೊತ್ತಾಯಿತು. "ದಿನಾ ಮೀಟರ್ ಹಿಡಿಯೋಳು, ಗಂಡಂಗೊಂದು ನೆಟ್ಟಗಿರೋದು ತಂದ್ಕೊಡ್ನಿಲ್ವಲ್ಲ" ಎಂದು ನೆರೆಯವರು ಆಡಿಕೊಂಡರು. ಅದೂ ಅವಳ ಕಿವಿಗೆ ಬಿತ್ತು. ಅಳು ಬರಲಿಲ್ಲ.

ಆ ವಾರವೇ ಫ್ಯಾಕ್ಟರಿಗೆ ಹೊಸ ಮೀಟರು ಕೊಳ್ಳಬೇಕಾಯಿತು. ಮಾರಾಟದವನು ತಂದವನ್ನೆಲ್ಲ ಮೇಜಿನ ಮೇಲೆ ಹರಡಿಸಿ ಮ್ಯಾನೇಜರ್ ಅವಳನ್ನು ಕರೆದರು. "ನೀವೇ ನೋಡಿ ಹೇಳಮ್ಮ. ಎಲ್ಲಕ್ಕೂ ಒಂದೇ ಮಲ್ಟಿಮೀಟರ್ ಸಾಕಲ್ವಾ?"

"ಸಾಕಾಗಲ್ಲ ಸರ್." ಅಕ್ಕಿಕಾಳಿಗಿಂತ ಸಣ್ಣ ಕೆಪಾಸಿಟರನ್ನು ಮಲ್ಟಿಮೀಟರಿನ ಕಡ್ಡಿಗಳ ನಡುವೆ ಹಿಡಿದು ತೋರಿಸಿದಳು. ವೈರು ಚೂರು ಅಲುಗಿದರೂ ಅಂಕಿ ಬದಲಾಗುತ್ತಿತ್ತು. "ನೋಡಿ, ವೈರನ್ನೂ ಸೇರಿಸಿ ಅಳೀತಿದೆ. ಇಂಥ ಸಣ್ಣವಕ್ಕೆ ಚಿಮಟದಂಥ ಕಡ್ಡಿ ಇರೋ ಎಲ್‌ಸಿಆರ್ ಮೀಟರೇ ಬೇಕು. ವೈರಿನ ಲೆಕ್ಕ ಮೊದಲೇ ಕಳೆದುಬಿಡುತ್ತೆ. ಮಲ್ಟಿಮೀಟರ್ ಪ್ಯಾನೆಲ್ ರಿಪೇರಿಯವರಿಗಿರಲಿ. ಅದೂ ತ್ರೀ ಫೇಸ್ ಕರೆಂಟ್ ತಡೆಯೋದು, ಒಳಗೆ ಒಳ್ಳೆ ಫ್ಯೂಸಿರೋದು."

"ಇದ್ರಲ್ಲೂ ಅಷ್ಟೇ ವೋಲ್ಟ್ ಬರ್ದೈತಲ್ಲ ಮೇಡಂ" ಎಂದು ಮಾರಾಟದವನು ಅಗ್ಗದ್ದೊಂದನ್ನು ಮುಂದೆ ತಳ್ಳಿದ. ಅಶ್ವಥನ ಬಳಿ ಇದ್ದಂಥದೇ. ಅವಳು ಅದರ ತೆಳು ವೈರನ್ನು ಬೆರಳಲ್ಲಿ ಬಗ್ಗಿಸಿ ನೋಡಿ, "ಬೇಡ" ಎಂದು ಪಕ್ಕಕ್ಕಿಟ್ಟಳು. ಎದೆಯಲ್ಲಿ ಏನಾದರೂ ಆದೀತೆಂದು ಕಾದಳು. ಏನೂ ಆಗಲಿಲ್ಲ.

ಮನೆಯಲ್ಲಿ ಅತ್ತೆ ಮುನಿಯಮ್ಮ ಮಾತು ತೆಗೆದರು. "ತೆಂಗಿನ ಸಸಿ ಒಣಗ್ತಾ ಅವೆ ಕಣವ್ವ. ಆ ಪಂಪ್‌ಹೌಸ್ ಬಾಗ್ಲು ತಗಿಯಾಕೆ ನಂಗೆ ಕಾಲೇ ಬರಾಕಿಲ್ಲ."

"ಭಾನುವಾರ ಮಹೇಂದ್ರಣ್ಣನ್ನ ಕರ್ಕೊಂಡ್ ಬತ್ತೀನಿ, ಅತ್ತೆ."

ಮಹೇಂದ್ರ ಫ್ಯಾಕ್ಟರಿಯ ಎಲೆಕ್ಟ್ರಿಷಿಯನ್. ಭಾನುಪ್ರಿಯ ಆರಿಸಿದ ಮಲ್ಟಿಮೀಟರನ್ನೇ ಮ್ಯಾನೇಜರನ್ನು ಕೇಳಿ ತಂದಿದ್ದ. ಪಂಪ್‌ಹೌಸಿನ ಬೀಗ ಅವಳೇ ತೆಗೆದಳು.

"ಮೊದ್ಲು ಕರೆಂಟಿರೋ ಕಡೆ ಇಟ್ಟು ನೋಡಣ್ಣ."

"ಗೊತ್ತು ಕಣಮ್ಮ" ಎಂದು ಅವನು ಕಂಬದಿಂದ ಬರುವ ವೈರಿಗೆ ಕಡ್ಡಿ ಇಟ್ಟ. ಅಂಕಿ ಬಂತು. ಮೇನ್ ಸ್ವಿಚ್ ಇಳಿಸಿ, ಫ್ಯೂಸು ಕಿತ್ತು, ಸ್ಟಾರ್ಟರಿಗೆ ಇಟ್ಟ. ಸೊನ್ನೆ.

"ಇನ್ನೊಂದ್ಸಲ ಆ ವೈರಿಗಿಡಣ್ಣ."

ಮತ್ತೆ ಕಂಬದ ವೈರಿಗೆ ಇಟ್ಟ. ಮತ್ತೆ ಅಂಕಿ ಬಂತು. ಮೀಟರು ಸುಳ್ಳು ಹೇಳುತ್ತಿರಲಿಲ್ಲ. ಆಗ ಅವನು ಸ್ಟಾರ್ಟರಿಗೆ ಕೈ ಹಾಕಿದ. ಅವಳು ಆ ಕೈಯನ್ನೇ ನೋಡುತ್ತ ನಿಂತಳು. ಕೈಗೆ ಏನೂ ಆಗಲಿಲ್ಲ.

ಸುಟ್ಟ ಭಾಗ ಬದಲಿಸಿದ ಮೇಲೆ ಮೋಟರು ಗುಂಯ್ ಎಂದಿತು, ಪೈಪಿನಿಂದ ನೀರು ಬಿತ್ತು. ಬದುವಿನ ಮೇಲಿದ್ದ ಮುನಿಯಮ್ಮ ಸೆರಗು ಬಾಯಿಗೊತ್ತಿ ಬಿಕ್ಕಿಬಿಕ್ಕಿ ಅತ್ತರು. ಭಾನುಪ್ರಿಯ ಅವರ ಬೆನ್ನು ಸವರಿದಳು. ತನಗೂ ಅಳು ಬರಬಹುದೆನಿಸಿತು, ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗುದ್ದಲಿ ಹಿಡಿದು, ಮೊದಲ ಸಸಿಯ ಪಾತಿಗೆ ನೀರು ತಿರುಗಿಸಿದಳು.