ವನಜಳ ಮೂರಿಂಚು

ವನಜಾ, ಆ ದಿನ ನಿನ್ನ ಸೊಂಟ ಮೂರಿಂಚು ಇಳಿದಿತ್ತು. ನಾನು ನಿನಗೆ ಸುಳ್ಳು ಹೇಳಿದೆ.

ಪೆರುಂಗುಡಿಯ ಕಡೆ ಕಂಪ್ಯೂಟರ್ ಆಫೀಸುಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ನಿಮ್ಮ ಯಜಮಾನರ ಕಚೇರಿಯ ಆರೋಗ್ಯ ಶಿಬಿರದಲ್ಲಿ ನಿನ್ನನ್ನು ಮೆಟ್ಟಿಲು ಹತ್ತಿಸಿ ಇಳಿಸಿ, ನಾಡಿ ಎಣಿಸಿ, ಸೊಂಟ ಮೂವತ್ತೆಂಟು ಎಂದು ಚೀಟಿ ಬರೆದುಕೊಟ್ಟಿದ್ದರು. ಸಕ್ಕರೆ ಕಾಯಿಲೆ ಹೊಸಿಲಿಗೆ ಬಂದಿದೆ, ನಡೆಯಿರಿ ಎಂದಿದ್ದರು. ನೀನು ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮರುದಿನ ಬೆಳಗಿನ ಐದೂಮುಕ್ಕಾಲಿಗೇ ನಾವಿಬ್ಬರೂ ಬೆಸೆಂಟ್ ನಗರದ ಬೀಚಿನಲ್ಲಿ.

ಎರಡನೇ ತಿಂಗಳಿಗೆ ನಿನಗೆ ವೇಗ ಬಂತು — ನನಗೆ ಬರಲಿಲ್ಲ. ಹೊಸ ಗೆಳತಿಯರು ಬೇಗ ಬನ್ನಿ ಎಂದು ತಮಿಳಿನಲ್ಲಿ "ಸೀಕ್ರಂ ವಾಂಗೋ, ಮಾಮಿ!" ಅಂತ ಕೂಗಿದರೆ ನೀನು ನನ್ನತ್ತ ಕೈಬೀಸಿ ಅವರ ಜೊತೆ ಹೊರಟುಬಿಡುತ್ತಿದ್ದೆ. ನಾನು ಕಟ್ಟೆಯ ಮೇಲೆ ಕೂತು ನಿಮ್ಮೆಲ್ಲರ ಚಪ್ಪಲಿ ಕಾಯುತ್ತಿದ್ದೆ.

ಮೂರು ತಿಂಗಳಾದ ಮೇಲೆ ನೀನು ನನ್ನ ಹೊಲಿಗೆ ಮಿಷನ್ನಿನ ಪಕ್ಕ ಬಂದು ನಿಂತೆ. "ನೀನೇ ಅಳತೆ ತಗೋ ಕಣೇ. ಬೀದಿಯೋರ ರವಿಕೆಯೆಲ್ಲ ಹೊಲಿಯೋಳು, ನಿನ್ನ ಟೇಪು ಸುಳ್ಳು ಹೇಳುತ್ತಾ?"

ಟೇಪು ಮೂವತ್ತೈದು ತೋರಿಸಿತು. "ಮೂವತ್ತೆಂಟೇ ಇದೆಯಲ್ಲೇ" ಎಂದು ನಾನು ತಟ್ಟನೆ ಟೇಪು ಸುತ್ತಿಬಿಟ್ಟೆ.

"ಮತ್ತೆ ರವಿಕೆ ಯಾಕೆ ಇಷ್ಟು ಸಡಿಲ?"

"ಒಗೆದೂ ಒಗೆದೂ ಬಟ್ಟೆ ಹಿಗ್ಗಿದೆ."

ಒಗೆದರೆ ಹತ್ತಿ ಬಟ್ಟೆ ಕುಗ್ಗುತ್ತದೆ, ವನಜಾ. ಅಷ್ಟು ವರ್ಷ ಹೊಲಿದವಳಿಗೆ ಅದು ಗೊತ್ತಿರಲಿಲ್ಲವೇ!

"ಹೋಗ್ಲಿ ಬಿಡು, ನಮ್ಮನೆ ಹೆಂಗಸರ ಮೈಯೇ ಇಷ್ಟು" ಎಂದು ನೀನು ನಕ್ಕೆ. ನೀನು ಸ್ವಲ್ಪ ನಿಧಾನಿಸಬೇಕು, ನನ್ನ ಜೊತೆ ನಡೆಯಬೇಕು — ನನಗೆ ಬೇಕಾಗಿದ್ದದ್ದು ಅಷ್ಟೇ. ಆದರೆ ಮರುದಿನ ನೀನು ಬರಲೇ ಇಲ್ಲ. ಒಂದು ಅಂಕಿ ನಿನ್ನನ್ನು ಎಬ್ಬಿಸಿತ್ತು. ನಾನು ಹೇಳಿದ ಅಂಕಿ ಕೂರಿಸಿಬಿಟ್ಟಿತು. ನಾಳೆ ಹೇಳೋಣ, ಶುಕ್ರವಾರ ಹೇಳೋಣ, ಹಬ್ಬ ಮುಗಿಯಲಿ — ಹೀಗೆಯೇ ನೀನು ಇನ್ಸುಲಿನ್ ಚುಚ್ಚಿಕೊಳ್ಳುವ ದಿನ ಬಂತು. ಫೋನ್ ಬಡಿದುಕೊಂಡರೆ ಸಾಕು, ನಿನ್ನ ಸುದ್ದಿಯೇನೋ ಎಂದು ಈಗಲೂ ಮಿಷನ್ ನಿಲ್ಲಿಸಿ ಎದ್ದು ಓಡುತ್ತೇನೆ.

ಹೋದ ವಾರ ನಿನ್ನ ಕಾಲ್ಬೆರಳು ತೆಗೆಯಬೇಕಾದೀತು ಎಂದರಂತೆ ಡಾಕ್ಟರು. ನೋಡಲು ಬಂದ ನನಗೇ ನೀನು ಸಮಾಧಾನ ಹೇಳಿದೆ: "ಆಗ ನಡೆದಾದ್ರೂ ಏನಾಯ್ತು ಹೇಳು? ನೀನೇ ಅಳೆದಿದ್ದೆಯಲ್ಲ."

ಇಂದು ಸಂಜೆ ಈ ಹಾಳೆಯನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೂ ಎದುರಿಗೇ ಕೂತಿರುತ್ತೇನೆ — ಕಾಫಿ ಮಾಡಿ ತರುತ್ತೇನೆಂದು ಎದ್ದು ಒಳಗೆ ಹೋಗುವುದಿಲ್ಲ.